ನೆರಳಿನ ಚಲಚ್ಚಿತ್ರ ಮತ್ತು ಅದರ ಕರ್ತ್ರಿ

ಬರೆದ ಅಥವಾ ಕತ್ತರಿಸಿದ ರೂಪಗಳಿಗೆ ಚಲನವನ್ನು ಕೊಟ್ಟು ದೀರ್ಘವಾದ ಕಥಾಚಿತ್ರವನ್ನು ಮೊದಲು ನಿರ್ಮಿಸಿದವರಾರೆಂದು ಕೇಳಿದರೆ, ಸಾಮಾನ್ಯವಾಗಿ ಅಮೆರಿಕದ ವಾಲ್ಟ್ ಡಿಸ್ನಿಯವರ ಹೆಸರು ಬರುವುದು. ಅವರ ‘ಸ್ನೋ ವೈಟ್’ ತೆರೆಗೆ ಬಂದುದು 1937ರಲ್ಲಿ. ಅದಕ್ಕೆ 11 ವರ್ಷ ಮೊದಲೇ, 1926ನೆಯ ಮೇ 2ರಂದು, ಬರ್ಲಿನ್ನಿನ ಫೋಕ್ಸ್‌ಬ್ಯೂನೆ ನಾಟಕಶಾಲೆಯಲ್ಲಿ ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಮೂಕಚಿತ್ರವು ಪ್ರದರ್ಶಿತವಾಗಿದ್ದಿತು. ಅರ್ಜೆಂಟೀನಾ ದೇಶದ ಕ್ವಿರಿನೊ ಕ್ರಿಸ್ತಿಯಾನಿಯವರು 1917ರಲ್ಲಿಯೇ ಇಂತಹುದೊಂದನ್ನು ರಚಿಸಿದ್ದುಂಟು. ಆದರೆ ಅದು ನಷ್ಟವಾಗಿದೆ. ಆದಕಾರಣ ಈಗ ಉಳಿದಿರುವುವುಗಳಲ್ಲಿ ಅತ್ಯಂತ ಹಳೆಯದು ಜರ್ಮನಿಯ ಈ ಚಿತ್ರವೇ. ಇದರ ಕರ್ತ್ರಿ ಲೋಟೆ ರೈನಿಗರ್ ಅವರಿಗೆ ಆಗ 27 ವರ್ಷವೂ ತುಂಬಿರಲಿಲ್ಲ.

ಇವರು 1899ನೆಯ ಜೂನ್ 2ರಂದು ಬರ್ಲಿನ್ನಿನ ಶಾರ್ಲೊಟನ್‌ಬುರ್ಗಿನಲ್ಲಿ ಜನಿಸಿದರು. ಕತ್ತರಿಯಿಂದ ಕಾಗದದಲ್ಲಿ ರೂಪಗಳನ್ನು ತೆಗೆಯುವ ಕೈಚಳಕವು ಬಾಲ್ಯದಲ್ಲಿಯೇ ಬಂದಿತು. ನಟ ಪೌಲ್ ವೇಗನರ್ ಅವರು ಇದನ್ನು ಕಂಡು, 1918ರಲ್ಲಿ ತಮ್ಮ ‘ಹ್ಯಾಮಲಿನ್ನಿನ ಇಲಿಗಾರ’ ಚಿತ್ರದ ಶೀರ್ಷಿಕೆಗಳನ್ನು ಅಲಂಕರಿಸುವ ಕೆಲಸವನ್ನು ಕೊಟ್ಟರು. ಆ ಚಿತ್ರದಲ್ಲಿಯೇ ಮರದ ಇಲಿಗಳನ್ನು ಒಂದೊಂದು ಪಟಕ್ಕೆ ಸ್ವಲ್ಪ ಸ್ವಲ್ಪ ಸರಿಸಿ ನಡೆಯಿಸಿದುದು ಇವರ ಮೊದಲ ಅಭ್ಯಾಸ. ಮರುವರ್ಷವೇ ಇವರ ಸ್ವಂತ ಕಿರುಚಿತ್ರವು ಹೊರಬಂದಿತು.

ಇನ್ನು ರಚನೆಯ ಕ್ರಮ. ಕರಿಯ ರಟ್ಟು ಮತ್ತು ತೆಳುವಾದ ಸೀಸದ ತಗಡುಗಳಿಂದ ತಲೆ, ತೋಳು, ಮುಂಗೈ, ಕಾಲುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ತಂತಿಯ ಕೀಲುಗಳಿಂದ ಜೋಡಿಸುವರು. ಗಾಜಿನ ಮೇಜಿನ ಮೇಲೆ ಬೊಂಬೆಯನ್ನು ಮಲಗಿಸಿ, ಕೆಳಗಿನಿಂದ ದೀಪವಿಟ್ಟು, ಮೇಲೆ ತೂಗಹಾಕಿದ ಯಂತ್ರದಿಂದ ಒಂದು ಪಟವನ್ನು ಹಿಡಿಯುವರು. ಕೈಯನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ಪಟ. ಚಿತ್ರವು ನಡೆಯುವುದು ಸುಮಾರು 65 ನಿಮಿಷ. ಅದರಲ್ಲಿರುವ ಪಟಗಳು ಸುಮಾರು 96,000. ಹಿಡಿದವು ಎರಡೂವರೆ ಲಕ್ಷದಷ್ಟೆಂದು ಲೆಕ್ಕ ಹೇಳುವರು. 1923ರಿಂದ 1926ರ ವರೆಗೆ ಈ ಕೆಲಸ ಸಾಗಿತು. ಹಣದ ಬೆಲೆ ದಿನದಿನಕ್ಕೆ ಕುಸಿಯುತ್ತಿದ್ದ ಆ ಕಾಲದಲ್ಲಿ, ಲೂಯಿ ಹಾಗೆನ್ ಎಂಬ ಬ್ಯಾಂಕಿನ ಧನಿಕರು ಹಣಕ್ಕೆ ಬದಲಾಗಿ ಕಚ್ಚಾ ಫಿಲ್ಮನ್ನು ಕೊಂಡಿಟ್ಟಿದ್ದರು. ಅದನ್ನೇ ಕೊಟ್ಟು, ಪಾಟ್ಸ್‌ಡಾಮಿನ ತಮ್ಮ ಮೋಟಾರುಖಾನೆಯ ಮೇಲಿನ ಅಟ್ಟವನ್ನೂ ಬಿಟ್ಟುಕೊಟ್ಟರು. ಸೂರು ತಗ್ಗು, ಮೊಣಕಾಲೂರಿಯೇ ಕೆಲಸ ಮಾಡಬೇಕಾಗಿತ್ತು.

ಇಲ್ಲಿ ನಮ್ಮ ತೊಗಲುಬೊಂಬೆಯಾಟವು ವಾಚಕರ ನೆನಪಿಗೆ ಬರದಿರದು. ಸಂಸ್ಕೃತದಲ್ಲಿಯೂ ಸುಭಟಕವಿಯ ‘ದೂತಾಂಗದ’ವು ತನ್ನನ್ನು ಛಾಯಾನಾಟಕವೆಂದು ಕರೆದುಕೊಂಡಿದೆ. ಆ ಶಬ್ದಕ್ಕೆ ನೆರಳಿನ ಆಟವೆಂಬ ಅರ್ಥವನ್ನು ಜರ್ಮನಿಯವರೇ ಆದ ಪಿಶೆಲ್ ಪಂಡಿತರು ಸಮರ್ಥಿಸಿದರು, ಎಲ್ಲರೂ ಒಪ್ಪಿಲ್ಲ. ಅದಂತಿರಲಿ. ಸಾದೃಶ್ಯವಿದ್ದರೂ ಭೇದವು ದೊಡ್ಡದು. ನಮ್ಮ ಬೊಂಬೆ ಬಣ್ಣದ್ದು, ಬೆಳಕನ್ನು ಒಳಬಿಡುವಂತಹದು. ಆಡಿಸುವವನ ಕೈಯ ಚಲನವೇ ಆಗಿಂದಾಗ್ಗೆ ತೆರೆಯ ಮೇಲೆ ಕಾಣುವುದು. ರೈನಿಗರ್ ಅವರ ಬೊಂಬೆ ಕಡುಗಪ್ಪು. ಮುಖದಲ್ಲಿ ಕಣ್ಣಿಲ್ಲ, ಹುಬ್ಬಿಲ್ಲ. ಮೇಲಾಗಿ ಅದು ಪಟ ಹಿಡಿಯುವಾಗ ನಿಶ್ಚಲವಾಗಿರುವುದು. ಚಲನವೆಂಬುದು ಮೇಜಿನ ಮೇಲೆ ಎಲ್ಲಿಯೂ ನಡೆದೇ ಇಲ್ಲ. ನೋಡುವವನ ಕಣ್ಣಿನಲ್ಲಿ ಮಾತ್ರ ಉಂಟಾಗುವುದು. ಆದರೂ ಪರೀಬಾನು ಗರಿಯುಡುಗೆಯನ್ನು ಕಳಚಿಟ್ಟು ಸರೋವರದಲ್ಲಿ ಮೀಯುವ ದೃಶ್ಯದಲ್ಲಿ, ಕೊರಳಿನ ಒಂದು ಬಾಗಿನಿಂದಲೇ ಲಜ್ಜಾಭಾವವು ವ್ಯಕ್ತವಾಗುವುದು. ಆಂಗಿಕಾಭಿನಯಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ನಾನು ಕಾಣೆನು.

ದೂರ ಸಮೀಪಗಳನ್ನು ತೋರಿಸುವುದಕ್ಕಾಗಿ ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಅಂತರ ಬಿಟ್ಟು ಇರಿಸಿ, ಹಿನ್ನೆಲೆಯನ್ನೂ ಬೊಂಬೆಯನ್ನೂ ಬೇರೆ ಬೇರೆ ಸ್ತರಗಳಲ್ಲಿ ಸರಿಸುವ ಉಪಾಯವನ್ನೂ ಇಲ್ಲಿ ಬಳಸಿದರು. ಡಿಸ್ನಿಯವರ ಬಹುಸ್ತರ ಯಂತ್ರವು ಪ್ರಸಿದ್ಧವಾದುದು 1937ರಲ್ಲಿ. ಅದು ಹೆಚ್ಚು ಸಂಕೀರ್ಣವೆಂಬುದು ನಿಜ; ತತ್ತ್ವವು ಮಾತ್ರ ಇದೇ. ಕೀರ್ತಿಯೆಲ್ಲವೂ ಒಬ್ಬರದೇ ಎಂದು ನಾನು ಹೇಳುತ್ತಿಲ್ಲ. ಯಂತ್ರವನ್ನು ನಡೆಯಿಸಿದವರು ಪತಿ ಕಾರ್ಲ್ ಕೋಕ್. ಮಾಯಾದೃಶ್ಯಗಳು ವಾಲ್ಟರ್ ರುಟ್ಟ್‌ಮನ್ ಅವರವು. ಸಮುದ್ರದ ಅಲೆಗಳು ಬರ್ತೋಲ್ಡ್ ಬಾರ್ತೋಷ್ ಅವರವು. ಸಂಗೀತ ವೋಲ್ಫ್‌ಗಾಂಗ್ ಝೆಲ್ಲರ್ ಅವರದು. ಆದರೆ ಬೊಂಬೆಗಳೂ ಅವುಗಳ ನಡೆಯೂ ಕಥಾಸಂವಿಧಾನವೂ ರೈನಿಗರ್ ಅವರವೇ.

ಹೀಗಿದ್ದೂ ಇವರ ಹೆಸರು ಹಿಂದಾದುದೇಕೆ? ಕಾಗದ ಕತ್ತರಿಸುವುದು ಹೆಣ್ಣುಮಕ್ಕಳ ಮನೆಯ ವಿನೋದವೆಂಬ ಎಣಿಕೆಯೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಅದೇ ಕೆಲಸವನ್ನು ಕಾರ್ಖಾನೆಯಲ್ಲಿ ನೂರಾರು ಜನರಿಂದ ಮಾಡಿಸಿದ್ದರೆ ಶಿಲ್ಪವೆನ್ನುತ್ತಿದ್ದರು. ನಾಟ್ಸಿಗಳ ಆಳಿಕೆ ಬಂದ ಮೇಲೆ ಇವರು ದೇಶವನ್ನು ಬಿಟ್ಟು ಹಲವು ಕಡೆ ಅಲೆಯಬೇಕಾಯಿತು. ಯುದ್ಧಕಾಲದಲ್ಲಿ ಮರಳಿ ಬರ್ಲಿನ್ನಿಗೆ ಬಂದು, 1949ರಲ್ಲಿ ಲಂಡನ್ನಿನಲ್ಲಿ ನೆಲಸಿದರು. ಅಲ್ಲಿ ರಚಿಸಿದ ಅನೇಕ ಕಿರುಚಿತ್ರಗಳಲ್ಲೊಂದು 1955ರಲ್ಲಿ ವೆನಿಸ್ಸಿನಲ್ಲಿ ಬಹುಮಾನ ಪಡೆಯಿತು. 1981ನೆಯ ಜೂನ್ 19ರಂದು ಇವರು ತೀರಿಕೊಂಡರು.

‘ಅಹ್ಮದ’ನ ಮೂಲ ನೆಗೆಟಿವು ಉಳಿದಿಲ್ಲ. ಲಂಡನ್ನಿನ ಚಲಚ್ಚಿತ್ರ ಭಂಡಾರದಲ್ಲಿ ವರ್ಣಲೇಪವುಳ್ಳ ಹಳೆಯ ಪ್ರತಿಯೊಂದಿತ್ತು. ಅದನ್ನು ಆಧಾರವಾಗಿಟ್ಟುಕೊಂಡು 20ನೆಯ ಶತಮಾನದ ಕೊನೆಯಲ್ಲಿ ಚಿತ್ರವನ್ನು ಜೀರ್ಣೋದ್ಧಾರ ಮಾಡಿದರು. ಇಂದು ನಾವು ನೋಡುವುದು ಆ ಪಾಠವನ್ನು.