ಆಟದ ಟ್ರಕ್ಕಿಗೆ ಮುಪ್ಪು ಬಂದಾಗ

ಹಳೆಯ ರಿಮೋಟ್ ಕಂಟ್ರೋಲ್ ಟ್ರಕ್ಕೊಂದು ಕೈಗೆ ಸಿಕ್ಕರೆ ಹವ್ಯಾಸಿಯ ಮನಸ್ಸು ಮೊದಲು ಓಡುವುದು ಬಣ್ಣದ ಕಡೆಗೆ. ಮಾಸಿದ ಬಾಡಿಯನ್ನು ಉಪ್ಪುಕಾಗದದಿಂದ ತಿಕ್ಕಿ, ಪ್ರೈಮರ್ ಹೊಡೆದು, ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿದ್ದಂತೆ ಮಿರಮಿರ ಮಿಂಚಿಸಿದರೆ ಕೆಲಸ ಮುಗಿಯಿತೆಂಬ ಭಾವನೆ. ನನ್ನ ವಾದ ಇದಕ್ಕೆ ಉಲ್ಟಾ. ಇಂಥ ಯಂತ್ರದಲ್ಲಿ ಮೊದಲು ಕಣ್ಣಿಗೆ ಬೀಳುವ ಹಾನಿ ಸಾಮಾನ್ಯವಾಗಿ ಎಂದೋ ಆಗಿ ನಿಂತುಹೋದದ್ದು; ಈ ಕ್ಷಣದಲ್ಲೂ ನಡೆಯುತ್ತಿರುವ ಹಾನಿ ಬಾಡಿಯ ಅಡಿಯಲ್ಲಿ, ಬ್ಯಾಟರಿಯ ಮನೆಯಲ್ಲಿ, ತಂತಿಯ ಹೊದಿಕೆಯೊಳಗೆ ಇರುತ್ತದೆ. ಅದನ್ನು ತಡೆಯುವುದೇ ದುರಸ್ತಿಯ ತಿರುಳು. ನಿಂತುಹೋದ ಹಾನಿಯ ಗುರುತನ್ನು ಅಳಿಸುವುದು ಅನೇಕ ಸಲ ಇನ್ನೊಂದು ಹಾನಿಯಾಗಿಬಿಡುತ್ತದೆ.

ಈ ವಾದಕ್ಕೆ ಒಳ್ಳೆಯ ಸಾಕ್ಷಿ ಜಪಾನಿನ ಒಂದು ಟ್ರಕ್ಕು. ಶಿಝುವೊಕಾದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿದ ತಾಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಮಾದರಿಯೊಂದಿಗೆ ರೇಡಿಯೊ ನಿಯಂತ್ರಿತ ಕಾರುಗಳಿಗೆ ಕೈಹಾಕಿತು. 1981ರಲ್ಲಿ ಅದು ಟೊಯೋಟಾ ಹೈಲಕ್ಸ್ ಪಿಕಪ್ಪನ್ನು ಹತ್ತನೆಯ ಒಂದು ಅಳತೆಗೆ ಇಳಿಸಿತು. 1985ರಲ್ಲಿ ಅದೇ ವಂಶದ ‘ಬ್ರೂಸರ್’ ಬಂತು. ಆಟಿಕೆ ಎಂಬ ಮಾತಿಗೆ ಇವು ಸುಲಭವಾಗಿ ಒಗ್ಗುವುದಿಲ್ಲ. ಅಡಿಯಲ್ಲಿ ಏಣಿಯಾಕಾರದ ಲೋಹದ ಚಾಸಿ, ಲಾರಿಗಳಲ್ಲಿರುವಂಥದೇ ಲೀಫ್ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಶಕ್ತಿ. ಇವೆಲ್ಲಕ್ಕಿಂತ ಹೆಚ್ಚಾಗಿ, ಓಡುತ್ತಿರುವಾಗಲೇ ದೂರದಿಂದ ಬದಲಿಸಬಹುದಾದ ಮೂರು ಗೇರುಗಳ ಪೆಟ್ಟಿಗೆ. ಒಂದು ಚಾನೆಲ್ ಸ್ಟೀರಿಂಗಿಗೆ, ಇನ್ನೊಂದು ವೇಗಕ್ಕೆ, ಮೂರನೆಯದು ಬರೀ ಗೇರಿಗೆ. ಅಸಲಿ ಹೈಲಕ್ಸ್ ಭಾರತದ ಮಾರುಕಟ್ಟೆಗೆ ಬಂದದ್ದು 2022ರಲ್ಲಿ, ಅದೂ ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗಿ. ಅದರ ಪುಟ್ಟ ಪ್ರತಿರೂಪ ನಾಲ್ಕು ದಶಕ ಮೊದಲೇ ಜಗತ್ತಿನ ಹಿತ್ತಲುಗಳಲ್ಲಿ ಕೆಸರು ತುಳಿಯುತ್ತಿತ್ತು.

ಇಂಥ ಟ್ರಕ್ಕು ಎಂದರೆ ಹತ್ತಾರು ಬಗೆಯ ವಸ್ತುಗಳ ಕೂಟ. ಪ್ರತಿಯೊಂದಕ್ಕೂ ಅದರದೇ ಮುಪ್ಪು, ಅದರದೇ ವೇಗ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಬ್ಯಾಟರಿ. ಆ ಕಾಲದ 7.2 ವೋಲ್ಟಿನ ಪ್ಯಾಕಿನಲ್ಲಿ 1.2 ವೋಲ್ಟಿನ ಆರು ನಿಕಲ್-ಕ್ಯಾಡ್ಮಿಯಮ್ ಸೆಲ್‌ಗಳಿರುತ್ತಿದ್ದವು. ಅವುಗಳೊಳಗಿನ ದ್ರವ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ಕಟುವಾದ ಕ್ಷಾರ. ರಿಮೋಟಿನಲ್ಲಿ ಮರೆತುಹೋದ ಆಲ್ಕಲೈನ್ ಸೆಲ್‌ಗಳಲ್ಲಿ ಇರುವುದೂ ಅದೇ. ಸೆಲ್ಲಿನ ಸೀಲು ಸಡಿಲವಾದಾಗ ಅದು ಹೊರಗೆ ಜಿನುಗಿ, ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಬಿಳಿ ಹುಡಿಯಾಗುತ್ತದೆ. ಆ ಹುಡಿಯನ್ನು ಬ್ರಷ್ಷಿನಿಂದ ಗುಡಿಸಿ ‘ಸ್ವಚ್ಛವಾಯಿತು’ ಎನ್ನುವಂತಿಲ್ಲ. ಕ್ಷಾರ ತಾಮ್ರದ ಎಳೆಗಳ ನಡುವಿನ ಸಂದಿನಲ್ಲಿ ಹೊದಿಕೆಯೊಳಗೇ ತೆವಳುತ್ತಾ ಹೋಗುತ್ತದೆ. ಹೊರಗಿನಿಂದ ಕೆಂಪಗೆ ಚೆನ್ನಾಗಿ ಕಾಣುವ ತಂತಿಯನ್ನು ಸುಲಿದರೆ ಒಳಗೆ ಕಪ್ಪು, ಬೆಸುಗೆ ಹಿಡಿಯದ ತಾಮ್ರ. ಲೋಹದ ತಗಡುಗಳಲ್ಲಿ ಹಸಿರು ಕಿಲುಬು. ವಿನೆಗರಿನಂಥ ಸೌಮ್ಯ ಆಮ್ಲದಿಂದ ಕ್ಷಾರವನ್ನು ಶಮನಗೊಳಿಸಿ, ಒರೆಸಿ, ಒಣಗಿಸಿ, ಕೆಟ್ಟ ತಂತಿಯನ್ನು ಬದಲಿಸುವವರೆಗೂ ಈ ಸವೆತ ನಿಲ್ಲುವುದಿಲ್ಲ. ಬಾಡಿ ಎಷ್ಟೇ ಚೆನ್ನಾಗಿ ಮಿನುಗುತ್ತಿರಲಿ, ಕೆಳಗೆ ಇದು ನಡೆದೇ ಇರುತ್ತದೆ.

ಉಕ್ಕಿನ ಭಾಗಗಳ ತುಕ್ಕೂ ಇದೇ ಗುಂಪಿಗೆ ಸೇರಿದ್ದು, ತಾನಾಗಿ ನಿಲ್ಲದು. ಗೇರಿನ ಹಳೆಯ ಗ್ರೀಸು ಉತ್ಕರ್ಷಣೆಗೊಂಡು ಅಂಟಾಗಿ, ಕೊನೆಗೆ ಅರಗಿನಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಸಿಕ್ಕಿಕೊಂಡ ಮರಳಿನ ಕಣ ಪ್ರತಿ ಸುತ್ತಿನಲ್ಲೂ ಹಲ್ಲನ್ನು ಅರೆಯುತ್ತದೆ. ಟೈರಿನದು ಬೇರೆಯೇ ಕತೆ. ರಬ್ಬರಿನ ಅಣುಸರಪಳಿಯಲ್ಲಿರುವ ಜೋಡಿಬಂಧಗಳನ್ನು ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಝೋನ್ ಕತ್ತರಿಸುತ್ತದೆ, ಅದರಲ್ಲೂ ರಬ್ಬರು ಎಳೆತಕ್ಕೆ ಒಳಗಾದ ಕಡೆ. ಹಾಗಾಗಿಯೇ ಬಿರುಕುಗಳು ಎಳೆತಕ್ಕೆ ಅಡ್ಡವಾಗಿ ಸಾಲುಗಟ್ಟುತ್ತವೆ. ಬಿರಿದ ಟೈರನ್ನು ಯಾವ ಎಣ್ಣೆಯೂ ಕೂಡಿಸದು. ಟ್ರಕ್ಕನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಚಕ್ರಗಳ ಮೇಲಿನ ಭಾರ ತಪ್ಪಿಸಿದರೆ ಮುಂದಿನ ಹಾನಿ ನಿಧಾನವಾಗುತ್ತದೆ, ಅಷ್ಟೆ.

ಈಗ ಬಾಡಿಗೆ ಬರೋಣ. ಈ ಟ್ರಕ್ಕುಗಳ ಬಾಡಿ ಸ್ಟೈರೀನ್ ಬಳಗದ ಗಟ್ಟಿ ಪ್ಲಾಸ್ಟಿಕ್ಕು. ಆ ಬಳಗದ ಎಬಿಎಸ್ ಎಂಬ ಪ್ಲಾಸ್ಟಿಕ್ಕಿಗೆ ಪೆಟ್ಟು ತಾಳುವ ಗುಣ ಬರುವುದು ಅದರಲ್ಲಿ ಬೆರೆತ ಬ್ಯೂಟಡೈಯೀನ್ ರಬ್ಬರಿನಿಂದ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಆಮ್ಲಜನಕ ಮೊದಲು ದಾಳಿಯಿಡುವುದೂ ಅದರ ಮೇಲೆಯೇ. ಹಳದಿ ಬಣ್ಣ ಆ ದಾಳಿಯ ಗುರುತು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳಕಿಗಿಟ್ಟರೆ ಹಳದಿ ಹೋಗುತ್ತದೆ, ಆದರೆ ತುಂಡಾದ ಅಣುಸರಪಳಿ ಮತ್ತೆ ಕೂಡಿಕೊಳ್ಳುವುದಿಲ್ಲ. ಕೆಲವು ಸಲ ಹಳದಿಯೂ ವಾಪಸು ಬರುತ್ತದೆ. ಒಟ್ಟಿನಲ್ಲಿ ಅದು ನೋಟಕ್ಕೆ ಮಾಡಿದ ಚಿಕಿತ್ಸೆ. ನೆರಳಿನಲ್ಲಿಟ್ಟರೆ ಈ ಹಾನಿ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಗೀರು, ಮಾಸಲು, ಕುಂಚದ ಗುರುತು, ಅರ್ಧ ಕಿತ್ತ ಸ್ಟಿಕ್ಕರು, ಇವಂತೂ ಎಂದೋ ಮುಗಿದ ಘಟನೆಗಳು. ಸುಮ್ಮನೆ ಬಿಟ್ಟರೆ ಇವು ಬೆಳೆಯುವುದಿಲ್ಲ.

ಬಣ್ಣ ತೆಗೆಯಲು ಹೊರಟಾಗ ಮಾತ್ರ ಹೊಸ ಕಷ್ಟಗಳು ಶುರುವಾಗುತ್ತವೆ. ಮಾದರಿಗಳಿಗೆ ಹೊಡೆಯುವ ಲ್ಯಾಕರ್ ಸ್ಪ್ರೇ ಗೋಡೆಯ ಸುಣ್ಣದ ಹಾಗೆ ಮೇಲೆ ಕೂತಿರುವುದಿಲ್ಲ. ಅದರ ದ್ರಾವಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಒಂದಿಷ್ಟು ಕರಗಿಸಿ, ಕಚ್ಚಿಕೊಂಡು ಒಣಗುತ್ತದೆ. ಹೀಗೆ ಬೆಸೆದುಕೊಂಡದ್ದನ್ನು ಬಿಡಿಸುವ ದ್ರವ ಬಣ್ಣವನ್ನು ಮೆದುವಾಗಿಸಬೇಕು, ಪ್ಲಾಸ್ಟಿಕ್ಕನ್ನು ಮುಟ್ಟಬಾರದು. ಅಸಿಟೋನ್, ಪೇಂಟ್ ಅಂಗಡಿಯ ಥಿನ್ನರ್ ಎರಡೂ ಬಾಡಿಯನ್ನೇ ಕರಗಿಸುತ್ತವೆ. ಬ್ರೇಕ್ ಆಯಿಲ್ ಹಚ್ಚುವ ಹಳೆಯ ಉಪಾಯವೊಂದಿದೆ. ಅದು ಕೆಲಸ ಮಾಡುತ್ತದೆ ನಿಜ, ಆದರೆ ಸ್ಕ್ರೂ ಬಿಗಿದ ರಂಧ್ರಗಳ ಸುತ್ತ, ಅಚ್ಚಿನಲ್ಲಿ ಬೇಗ ತಣಿದ ಮೂಲೆಗಳಲ್ಲಿ ಪ್ಲಾಸ್ಟಿಕ್ಕಿನೊಳಗೆ ಮೊದಲೇ ಒತ್ತಡ ಅಡಗಿರುತ್ತದೆ. ಅಲ್ಲಿ ಇಂಥ ದ್ರವ ಇಳಿದರೆ ಕೂದಲೆಳೆಯಂಥ ಬಿರುಕುಗಳು ತೆರೆದುಕೊಳ್ಳಬಹುದು. ಕೋವಿಡ್ ಕಾಲದಲ್ಲಿ ಸ್ಯಾನಿಟೈಸರಿನ ಮೂಲಕ ಮನೆಮನೆಗೂ ಪರಿಚಯವಾದ ಐಸೊಪ್ರೊಪೈಲ್ ಆಲ್ಕೊಹಾಲ್ ಇವುಗಳ ನಡುವೆ ಸೌಮ್ಯವಾದದ್ದು. ಅದರಲ್ಲಿ ನೆನೆಸಿಟ್ಟು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಅದನ್ನೂ ಮೊದಲು ಬಾಡಿಯ ಒಳಮೈಯಲ್ಲಿ ಪರೀಕ್ಷಿಸಿಯೇ. ಬಂಪರ್, ಗ್ರಿಲ್‌ಗಳ ಮೇಲಿನ ಹೊಳಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು ಕ್ರೋಮ್ ಅಲ್ಲ, ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಅಲ್ಯೂಮಿನಿಯಮ್ಮಿನ ಅತಿ ತೆಳು ಪದರ. ಕ್ಷಾರ ತಾಕಿದರೆ ಕರಗಿಹೋಗುತ್ತದೆ, ಜೋರಾಗಿ ಉಜ್ಜಿದರೂ ಕಿತ್ತುಬರುತ್ತದೆ. ಬೆಳ್ಳಿ ಬಣ್ಣದ ಸ್ಪ್ರೇ ಆ ಕನ್ನಡಿ ಹೊಳಪನ್ನು ಮರಳಿ ಕೊಡುವುದಿಲ್ಲ.

ಇಷ್ಟೆಲ್ಲ ಜಾಗ್ರತೆಯಿಂದ ಮಾಡಿದರೂ ಒಂದು ಲೆಕ್ಕ ನಮ್ಮ ವಿರುದ್ಧವೇ ನಿಲ್ಲುತ್ತದೆ. ಅಸಲಿ ಕಾರಿನ ಮೇಲಿನ ಬಣ್ಣದ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹತ್ತನೆಯ ಒಂದು ಅಳತೆಯ ಮಾದರಿಗೆ ಅಷ್ಟೇ ದಪ್ಪ ಬಳಿದರೆ, ಅದು ಅಸಲಿ ಟ್ರಕ್ಕಿನ ಮೇಲೆ ಒಂದು ಮಿಲಿಮೀಟರ್ ದಪ್ಪ ಬಳಿದಂತೆ. ಹಳೆಯ ಪದರ ಪೂರ್ತಿ ಹೋಗದೆ ಉಳಿದು, ಅದರ ಮೇಲೆ ಪ್ರೈಮರ್, ಬಣ್ಣ, ಪಾರದರ್ಶಕ ಲೇಪ ಸೇರಿದರೆ ಬಾಗಿಲಿನ ಸಂದು ತುಂಬಿಕೊಳ್ಳುತ್ತದೆ, ಬಾಡಿಯಲ್ಲಿ ಅಚ್ಚಾಗಿದ್ದ ಅಕ್ಷರಗಳ ಅಂಚು ಮೊಂಡಾಗುತ್ತದೆ. ಅದನ್ನು ಸರಿಪಡಿಸಲು ಉಪ್ಪುಕಾಗದ ಹಿಡಿದರೆ ಅಂಚೇ ಸವೆಯುತ್ತದೆ. ಅಚ್ಚು ಕೆತ್ತಿದವರ ಕೌಶಲ ಇರುವುದೇ ಆ ಅಂಚುಗಳಲ್ಲಿ. ಪ್ರತಿ ಸಲ ಹೊಸ ಬಣ್ಣ ಹೊಡೆದಾಗಲೂ ಮಾದರಿ ಒಂದಿಷ್ಟು ಕಡಿಮೆ ಹೈಲಕ್ಸ್ ಆಗುತ್ತಾ ಹೋಗುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿಬಿಡುವಂತಿಲ್ಲ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡಿರುವ ಟ್ಯೂರಿನ್ ಸನದು ಜೀರ್ಣೋದ್ಧಾರಕ್ಕಿಂತ ಸಂರಕ್ಷಣೆಗೆ ಮೊದಲ ಸ್ಥಾನ ಕೊಡುತ್ತದೆ. ಆದರೆ ಆ ತತ್ವ ಕಾರ್ಖಾನೆಯಲ್ಲೇ ಬಣ್ಣ ಕಂಡ ಕಾರುಗಳಿಗೆ ಸರಿ. ತಾಮಿಯಾ ಕಿಟ್‌ಗಳು ಬಿಡಿಭಾಗಗಳಾಗಿ, ಬಣ್ಣವಿಲ್ಲದೆ ಬರುತ್ತಿದ್ದವು. ಬಣ್ಣ ಹೊಡೆದದ್ದು ಕೊಂಡ ಹುಡುಗನೋ, ಅವನ ಅಪ್ಪನೋ. ಹಾಗಿರುವಾಗ ‘ಮೂಲ ಬಣ್ಣ’ ಎಂಬುದೇ ಇಲ್ಲ, ಕಾಪಾಡುವುದು ಏನನ್ನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ನನ್ನ ವಾದವನ್ನು ಕೆಡಹುವುದಿಲ್ಲ, ಇನ್ನಷ್ಟು ಬಿಗಿ ಮಾಡುತ್ತದೆ. ಕಾರ್ಖಾನೆಯ ಬಣ್ಣಕ್ಕೆ ದಾಖಲೆಯಿದೆ, ಬಣ್ಣದ ಸಂಖ್ಯೆಯಿದೆ, ಬೇಕೆಂದಾಗ ಮತ್ತೆ ಬೆರೆಸಬಹುದು. 1985ರ ಹುಡುಗನೊಬ್ಬ ತನಗೆ ಸಿಕ್ಕ ಡಬ್ಬಿಯಿಂದ ತನಗೆ ತಿಳಿದಂತೆ ಹೊಡೆದ ಬಣ್ಣಕ್ಕೆ ಎಲ್ಲೂ ಇನ್ನೊಂದು ಪ್ರತಿಯಿಲ್ಲ. ಪೆಟ್ಟಿಗೆಯ ಚಿತ್ರದಂತೆಯೇ ಇರುವ ಬ್ರೂಸರ್ ಬೇಕೆನ್ನುವವರಿಗೆ ಬೇರೆ ದಾರಿಯೂ ಇದೆ: ತಾಮಿಯಾ 2012ರಲ್ಲಿ ಅದನ್ನು ಮತ್ತೆ ಹೊರತಂದಿತು. ಹೊಸದೇ ಸಿಗುವಂತಾದ ಮೇಲೆ ಹಳೆಯದಕ್ಕೆ ಉಳಿದ ವಿಶೇಷವೆಂದರೆ ಅದರ ವಯಸ್ಸು. ಅದನ್ನೇ ಉಜ್ಜಿ ತೆಗೆದರೆ ಕೈಯಲ್ಲಿ ಉಳಿಯುವುದು ಹೊಸದರ ಕಳಪೆ ನಕಲು.

ಇನ್ನೊಂದು ಆಕ್ಷೇಪ ಓಟಪ್ರಿಯರದು. ಇದು ಓಡಿಸಲೆಂದೇ ಮಾಡಿದ ಯಂತ್ರ. ಗಾಜಿನ ಕಪಾಟಿನಲ್ಲಿ ಕೂರಿಸಿ ಪೂಜೆ ಮಾಡಲಿಕ್ಕಲ್ಲ ಎನ್ನುತ್ತಾರೆ ಅವರು. ಒಪ್ಪುತ್ತೇನೆ, ಓಡಿಸಲು ಬೇಕಾದ ಬದಲಾವಣೆಗೆ ನನ್ನ ವಿರೋಧವಿಲ್ಲ. ಆ ಕಾಲದ ವೇಗ ನಿಯಂತ್ರಕವನ್ನೇ ನೋಡಿ. ಮೋಟಾರಿನ ದಾರಿಯಲ್ಲಿ ರೋಧಕವೊಂದನ್ನು ಅಡ್ಡವಿಟ್ಟು, ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಸುಟ್ಟುಹಾಕುವುದು ಅದರ ವಿಧಾನ. ಅರ್ಧ ಓಮ್ ರೋಧದಲ್ಲಿ 5 ಆಂಪಿಯರ್ ಹರಿದರೆ 12.5 ವಾಟ್ ಶಾಖ. ಬ್ಯಾಟರಿ ಕೊಡುತ್ತಿರುವ 36 ವಾಟ್‌ನಲ್ಲಿ ಮೂರನೆಯ ಒಂದು ಪಾಲು ವ್ಯರ್ಥ. ಈಗಿನ ಎಲೆಕ್ಟ್ರಾನಿಕ್ ನಿಯಂತ್ರಕ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹಾಯಿಸಿ ಕಡಿಯುವುದರಿಂದ ಬಹುಪಾಲು ನಷ್ಟ ತಪ್ಪುತ್ತದೆ. ಲಿಥಿಯಮ್ ಪಾಲಿಮರ್ ಬ್ಯಾಟರಿ ಹಾಕುವುದಾದರೆ ಇದು ಬೇಕೇ ಬೇಕು. ಆ ಬ್ಯಾಟರಿಯನ್ನು ಒಂದು ಮಿತಿಗಿಂತ ಕೆಳಗೆ ಬರಿದು ಮಾಡಿದರೆ ಹಾಳಾಗುತ್ತದೆ, ಹಳೆಯ ರೋಧಕಕ್ಕೆ ಆ ಮಿತಿಯಲ್ಲಿ ನಿಲ್ಲಿಸುವ ಬುದ್ಧಿಯಿಲ್ಲ. ಹೊಸ ನಿಯಂತ್ರಕ, ಹೊಸ ತಂತಿ, ಬುಷ್ಷಿನ ಜಾಗಕ್ಕೆ ಬಾಲ್ ಬೇರಿಂಗ್, ಹೊಸ ಟೈರು, ಇವನ್ನೆಲ್ಲ ಧಾರಾಳವಾಗಿ ಹಾಕಿಕೊಳ್ಳಬಹುದು, ಏಕೆಂದರೆ ಸ್ಕ್ರೂ ಬಿಚ್ಚಿದರೆ ಹಳೆಯದನ್ನು ಮತ್ತೆ ಕೂರಿಸಲು ಬರುತ್ತದೆ. ಕಿತ್ತ ಬಣ್ಣವನ್ನು ಮತ್ತೆ ಕೂರಿಸಲಾಗದು. ಯಾಂತ್ರಿಕ ಬದಲಾವಣೆಗೆ ಹೂಂ ಅಂದು ಬಣ್ಣಕ್ಕೆ ಊಹೂಂ ಅನ್ನುವುದು ವಿಚಿತ್ರವೆನಿಸಿದರೆ, ಕಾರಣ ಈ ವ್ಯತ್ಯಾಸದಲ್ಲಿದೆ.

ಹಳೆಯ ಗಾಡಿಯ ಬೆಲೆ ಅದರ ಮೇಲಿನ ಗುರುತುಗಳಲ್ಲೇ ಇರುತ್ತದೆ ಎಂಬುದಕ್ಕೆ ಅಸಲಿ ಹೈಲಕ್ಸಿನ ಚರಿತ್ರೆಯಲ್ಲೂ ಒಂದು ನಿದರ್ಶನವಿದೆ. ಬಿಬಿಸಿಯ ‘ಟಾಪ್ ಗೇರ್’ ಕಾರ್ಯಕ್ರಮದವರು 2003ರಲ್ಲಿ ಹಳೆಯ ಡೀಸೆಲ್ ಹೈಲಕ್ಸೊಂದನ್ನು ಸಮುದ್ರದ ಉಬ್ಬರಕ್ಕೆ ಒಡ್ಡಿದರು, ಬೆಂಕಿ ಹಚ್ಚಿದರು, ಕೊನೆಗೆ ಕೆಡವಲಿರುವ ಬಹುಮಹಡಿ ಕಟ್ಟಡದ ನೆತ್ತಿಯ ಮೇಲಿಟ್ಟು ಕಟ್ಟಡವನ್ನೇ ಸ್ಫೋಟಿಸಿದರು. ಆಮೇಲೂ ಅದರ ಎಂಜಿನ್ ಚಾಲೂ ಆಯಿತು. ಆ ಗಾಡಿಯನ್ನು ಯಾರೂ ಡೆಂಟಿಂಗ್, ಪೇಂಟಿಂಗಿಗೆ ಕಳಿಸಲಿಲ್ಲ. ನುಜ್ಜುಗುಜ್ಜಾದ ಸ್ಥಿತಿಯಲ್ಲೇ ಪ್ರದರ್ಶನಕ್ಕಿಟ್ಟರು. ಹೊಸ ಬಣ್ಣ ಹೊಡೆದಿದ್ದರೆ ಅದು ನೂರಾರು ಹಳೆಯ ಪಿಕಪ್ಪುಗಳಲ್ಲಿ ಇನ್ನೊಂದಾಗುತ್ತಿತ್ತು.

ಹಾಗೆಂದು ಬಣ್ಣವೇ ಬೇಡವೆಂದಲ್ಲ. ಬಿಸಿಲಿನಲ್ಲಿ ನಿತ್ಯ ಓಡುವ ಬಾಡಿಗೆ ಬಣ್ಣ ಬರೀ ಅಲಂಕಾರವಲ್ಲ, ಅತಿನೇರಳೆ ಕಿರಣದ ವಿರುದ್ಧ ಕವಚ. ಹಳೆಯ ಬಣ್ಣ ಹೆಕ್ಕಳಿಕೆಯಾಗಿ ಉದುರುತ್ತಿದ್ದರೆ ಅದೂ ‘ನಡೆಯುತ್ತಿರುವ ಹಾನಿ’ಯೇ, ಹೊಸ ಬಣ್ಣ ಹೊಡೆಯಬೇಕು. ತುಕ್ಕು ತೆಗೆದ ಚಾಸಿಗೆ ಲೇಪ ಕೊಡಲೇಬೇಕು. ಬಾಡಿ ತುಂಡಾಗಿ ಅಂಟಿಸಿದ್ದರೆ, ಅಥವಾ ಹಿಂದಿನ ಯಾರೋ ಗೋಡೆಯ ಎನಾಮೆಲ್ಲನ್ನು ದಪ್ಪಗೆ ಮೆತ್ತಿ ವಿವರವನ್ನೆಲ್ಲ ಮುಳುಗಿಸಿದ್ದರೆ, ನಾನೂ ಬ್ರಷ್ಷು ಹಿಡಿಯಿರಿ ಎಂದೇ ಹೇಳುವೆ. ಮೊದಲು ಎಲ್ಲ ಕೋನಗಳಿಂದ ಫೋಟೊ ತೆಗೆದಿಡಿ. ಒಳಮೈಯಲ್ಲಿ ಅಂಗೈಯಗಲದ ಹಳೆಯ ಬಣ್ಣವನ್ನು ಹಾಗೆಯೇ ಬಿಡಿ. ಪದರಗಳನ್ನು ತೆಳುವಾಗಿ, ಒಂದು ಚೆನ್ನಾಗಿ ಒಣಗಿದ ಮೇಲೆ ಇನ್ನೊಂದರಂತೆ ಹೊಡೆಯಿರಿ. ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಮೇಲ್ಮೈ ಮಬ್ಬಾಗಿ ಬೆಳ್ಳಗಾಗುತ್ತದೆ.

ಈ ಯಾವುದಕ್ಕೂ ಅವಸರವಿಲ್ಲ, ಬಣ್ಣದ ಕೆಲಸ ವರ್ಷಗಟ್ಟಲೆ ಕಾಯಬಲ್ಲದು. ಕಾಯಲಾಗದ್ದು ಬ್ಯಾಟರಿ. ಮನೆಯ ಅಟ್ಟದ ಮೇಲೆ ಇಂಥದ್ದೊಂದು ಟ್ರಕ್ಕೋ, ಕಾರೋ ಇದ್ದರೆ ಇವತ್ತೇ ಇಳಿಸಿ, ಅದರದೂ ರಿಮೋಟಿನದೂ ಸೆಲ್‌ಗಳನ್ನು ಕೈಗವಸು ಹಾಕಿಕೊಂಡು ಹೊರತೆಗೆಯಿರಿ. ಕ್ಯಾಡ್ಮಿಯಮ್ ವಿಷವಸ್ತು, ಅದನ್ನು ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಿ.