ಊರಿಗೆ ಹೊರಡುವ ಮುನ್ನ ಅಂಚೆ ಪೆಟ್ಟಿಗೆಯತ್ತಲೂ ಗಮನವಿರಲಿ

ಕ್ರಿಸ್ಮಸ್‌ಗೆಂದೋ ಮನೆಯ ರೋಸ್-ಮದುವೆಗೆಂದೋ ಅಮೆರಿಕದಿಂದ ಊರಿಗೆ ಬರುವ ನಮ್ಮವರು ಟಿಕೆಟು, ಉಡುಗೊರೆ, ಮಕ್ಕಳ ಶಾಲಾ ರಜೆ ಎಲ್ಲವನ್ನೂ ತಿಂಗಳುಗಳ ಮೊದಲೇ ನೋಡಿಕೊಳ್ಳುತ್ತಾರೆ. ಮನೆಮುಂದಿನ ಅಂಚೆ ಪೆಟ್ಟಿಗೆಯ ನೆನಪಾಗುವುದು ವಿಮಾನ ಹತ್ತಿದ ಮೇಲೆ. ತುಂಬಿ ತುಳುಕುವ ಪೆಟ್ಟಿಗೆ, ಮನೆಯಲ್ಲಿ ಯಾರೂ ಇಲ್ಲವೆಂದು ದಾರಿಹೋಕರಿಗೆಲ್ಲ ಸಾರುತ್ತದೆ. ಬ್ಯಾಂಕ್ ಕಾರ್ಡು, ಚೆಕ್ಕು, ವಲಸೆ ಇಲಾಖೆಯ ಪತ್ರ ಅದರಲ್ಲೇ ಬಿದ್ದಿರುತ್ತವೆ.

ಕೊಲ್ಲಿ ರಾಷ್ಟ್ರಗಳಲ್ಲಿರುವವರಿಗೆ ಈ ಚಿಂತೆ ಕಡಿಮೆ. ಅಲ್ಲಿ ಪತ್ರಗಳು ಹೆಚ್ಚಾಗಿ ಬೀಗವಿರುವ ಪೋಸ್ಟ್ ಬಾಕ್ಸಿಗೇ ಬರುತ್ತವೆ.

ಅಮೆರಿಕದ ಅಂಚೆ ಇಲಾಖೆಯಲ್ಲಿ 'ಹೋಲ್ಡ್ ಮೇಲ್' ಎಂಬ ಸೌಲಭ್ಯವಿದೆ. ಕನಿಷ್ಠ 3 ದಿನ, ಗರಿಷ್ಠ 30 ದಿನ ನಿಮ್ಮ ಅಂಚೆಯನ್ನು ಅವರೇ ಇಟ್ಟುಕೊಳ್ಳುತ್ತಾರೆ, ಶುಲ್ಕವಿಲ್ಲ. ಇಲಾಖೆಯ ಜಾಲತಾಣದಲ್ಲಿ ಖಾತೆ ತೆರೆದು, ಗುರುತು ದೃಢಪಡಿಸಿ ಕೋರಿಕೆ ಸಲ್ಲಿಸಬಹುದು. ಜಾಲತಾಣದ ಅಭ್ಯಾಸವಿಲ್ಲದವರು ಅಂಚೆ ಕಚೇರಿಯಲ್ಲಿ 8076 ಸಂಖ್ಯೆಯ ಫಾರಂ ತುಂಬಿಸಿ ಕೊಟ್ಟರಾಯಿತು. ಹಿಂದಿರುಗಿದ ಮೇಲೆ ಸೇರಿರುವ ಅಂಚೆಯನ್ನೆಲ್ಲ ಅಂಚೆಯವರೇ ತಂದುಕೊಡುವಂತೆ ಕೇಳಬಹುದು, ಇಲ್ಲವೇ ಗುರುತಿನ ಚೀಟಿ ತೋರಿಸಿ ತಾವೇ ತರಬಹುದು.

ಇಲ್ಲಿ ಎರಡು ತೊಡಕುಗಳಿವೆ. ಈ ತಡೆ ವ್ಯಕ್ತಿಗಲ್ಲ, ವಿಳಾಸಕ್ಕೆ. ನಾಲ್ಕು ಮಂದಿ ಯುವಕರು ಒಂದೇ ಮನೆಯಲ್ಲಿ ಬಾಡಿಗೆಗಿದ್ದು ಅವರಲ್ಲೊಬ್ಬ ಊರಿಗೆ ಹೊರಟು ಅಂಚೆ ನಿಲ್ಲಿಸಿದರೆ ಉಳಿದ ಮೂವರ ಪತ್ರಗಳೂ ನಿಲ್ಲುತ್ತವೆ! ಎರಡನೆಯದು ಅವಧಿ. ಅಷ್ಟು ದೂರದಿಂದ ಬಂದವರು ಮೂವತ್ತು ದಿನಕ್ಕೆ ಹಿಂದಿರುಗುವುದು ಅಪರೂಪ, ಅಜ್ಜಿ ಬಿಡಬೇಕಲ್ಲ.

ಈ ಎರಡಕ್ಕೂ ಇರುವ ದಾರಿ ತಾತ್ಕಾಲಿಕ ವಿಳಾಸ ಬದಲಾವಣೆ. ಕನಿಷ್ಠ 15 ದಿನದಿಂದ ಒಂದು ವರ್ಷದವರೆಗೆ ನಿಮ್ಮ ಅಂಚೆಯನ್ನು ಬಂಧುಗಳ ಅಥವಾ ನಂಬಿಕಸ್ಥ ಸ್ನೇಹಿತರ ಮನೆಗೆ ತಿರುಗಿಸಬಹುದು. ಒಬ್ಬರ ಹೆಸರಿಗೆ ಮಾತ್ರ ಮಾಡಿಸುವುದೂ ಸಾಧ್ಯ. ಆದರೆ ಎಲ್ಲವೂ ಹೀಗೆ ತಿರುಗಿ ಹೋಗುವುದಿಲ್ಲ. 'ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್' ಎಂದು ಮುದ್ರಿಸಿರುವ ಲಕೋಟೆ ಸ್ನೇಹಿತರ ಮನೆಗೆ ಬಾರದೆ ಕಳುಹಿಸಿದವರಿಗೇ ಮರಳುತ್ತದೆ. ಗ್ರೀನ್ ಕಾರ್ಡ್‌ನಂಥ ದಾಖಲೆಗಾಗಿ ಕಾಯುತ್ತಿರುವವರು ಈ ವ್ಯವಸ್ಥೆಯನ್ನೇ ನೆಚ್ಚಿಕೊಂಡು ವಿಮಾನ ಹತ್ತಬಾರದು. ಅಂಥವರ ಪೆಟ್ಟಿಗೆಯನ್ನು ಪಕ್ಕದ ಮನೆಯವರು ದಿನಾ ತೆರೆದು ನೋಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. 'ಇನ್ಫಾರ್ಮ್ಡ್ ಡೆಲಿವರಿ' ಎಂಬ ಇನ್ನೊಂದು ಉಚಿತ ಸೇವೆಗೆ ಹೆಸರು ನೋಂದಾಯಿಸಿದರೆ, ಬರಲಿರುವ ಲಕೋಟೆಗಳ ಮುಖಪುಟದ ಚಿತ್ರ ಇ-ಮೇಲ್‌ಗೆ ಬರುತ್ತದೆ. ಕುಂದಾಪುರದಲ್ಲಿ ಕುಳಿತೇ ನೋಡಿ ಪಕ್ಕದವರಿಗೆ ಹೇಳಬಹುದು.

ಅಮೆಜಾನ್, ಯುಪಿಎಸ್, ಫೆಡೆಕ್ಸ್ ತಾವೇ ತಂದಿಡುವ ಪೊಟ್ಟಣಗಳಿಗೆ ಅಂಚೆ ಇಲಾಖೆಯ ತಡೆ ಅನ್ವಯಿಸದು. ಅವನ್ನು ಬೇರೆಯಾಗಿ ನಿಲ್ಲಿಸಬೇಕು.

ಇನ್ನು, ಮಕ್ಕಳ ಬಳಿಗೆಂದು ಇಲ್ಲಿಂದ ಆರು ತಿಂಗಳು ಹೊರಡುವ ತಂದೆತಾಯಿಯರ ಮಾತು. ನಮ್ಮಲ್ಲಿ ಬಾಗಿಲು ಮುಚ್ಚಿದ ಮನೆಗೆ ಬಂದ ಸ್ಪೀಡ್ ಪೋಸ್ಟನ್ನು ಕೆಲವು ದಿನ ಕಚೇರಿಯಲ್ಲಿಟ್ಟು ಕಳುಹಿಸಿದವರಿಗೆ ಮರಳಿಸುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಎಟಿಎಂ ಕಾರ್ಡು, ಚೆಕ್ ಪುಸ್ತಕ, ಕೋರ್ಟ್ ನೋಟೀಸು ಬರುವುದು ಹೀಗೆಯೇ. ಪೋಸ್ಟ್‌ಮ್ಯಾನಿಗೆ ಬಾಯಿಮಾತಿನಲ್ಲಿ ಹೇಳಿದ್ದು ಅವರ ವರ್ಗಾವಣೆಯಾದರೆ ಅಲ್ಲಿಗೆ ಮುಗಿಯಿತು. ಹೊರಡುವ ವಾರ ಮೊದಲೇ ಪೋಸ್ಟ್‌ಮಾಸ್ಟರರಿಗೆ ಲಿಖಿತ ಅರ್ಜಿ ಕೊಡಿ: ಎಂದಿನಿಂದ ಎಂದಿನವರೆಗೆ ಊರಲ್ಲಿರುವುದಿಲ್ಲ, ನಮ್ಮ ಅಂಚೆಯನ್ನು ಪಡೆಯಲು ಯಾರಿಗೆ ಅಧಿಕಾರ ಕೊಟ್ಟಿದ್ದೇವೆ ಎಂಬುದು ಅದರಲ್ಲಿರಲಿ. ಅವರ ಸಹಿಯನ್ನೂ ಅದರಲ್ಲೇ ಹಾಕಿಸಿ, ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟಿರಿ.