ಅಟ್ಟದಿಂದ ಇಳಿದ ತಂಬೂರಿ

ಪುಣೆಯ ಸದಾಶಿವ ಪೇಟೆ, ನಾರಾಯಣ ಪೇಟೆ, ಶನಿವಾರ ಪೇಟೆಗಳ ಹಳೆಯ ವಾಡೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಡುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಸಾಮಾನಿನ ನಡುವೆ ಬಟ್ಟೆಯ ಗವಸು ತೊಟ್ಟ ಉದ್ದನೆಯ ತಂಬೂರಿಯೊಂದು ಸಿಗುವುದು ಈ ಊರಿನಲ್ಲಿ ಅಪರೂಪವಲ್ಲ. ಅಜ್ಜಿಯೋ ಸೋದರತ್ತೆಯೋ ಹಾಡು ಕಲಿತ ಕಾಲದ್ದು. ಗವಸು ಬಿಚ್ಚಿದರೆ ತಂತಿಗಳಿಗೆ ತುಕ್ಕು, ಒಂದು ಬಿರಡೆ ಕಾಣೆ, ತಂತಿಗಳನ್ನು ಹೊರುವ ಘೋಡಿ ಪಕ್ಕಕ್ಕೆ ಜರುಗಿದೆ. ಎಸೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಹೊಸ ಮನೆಯಲ್ಲಿ ಜಾಗವಿಲ್ಲ. ಹೀಗೆ ಕೈ ಬದಲಾಗುವ ತಂಬೂರಿಗಳನ್ನು ಕೊಂಡು, ಸರಿಪಡಿಸಿ, ಮತ್ತೆ ಹಾಡಿನ ಬೆನ್ನಿಗೆ ನಿಲ್ಲಿಸುವ ಕೆಲಸ ಪುಣೆಯಲ್ಲಿ ಇಂದಿಗೂ ಸಾಧ್ಯ. ಅದಕ್ಕೆ ಬೇಕಾದ ಕೈಗಳು ಊರಲ್ಲೇ ಇವೆ. ದೊಡ್ಡ ಕೆಲಸವಾದರೆ ರೈಲಿನಲ್ಲಿ ಸುಮಾರು 280 ಕಿಲೋಮೀಟರ್ ದೂರದ ಮೀರಜ್‌ನಲ್ಲಿವೆ.

ಪುಣೆಯಲ್ಲೇ ಇಷ್ಟೊಂದು ತಂಬೂರಿಗಳು ಏಕೆ? ಮಧ್ಯಮ ವರ್ಗದ ಮನೆಗಳಿಗೆ ಶಾಸ್ತ್ರೀಯ ಸಂಗೀತವನ್ನು ಮೊದಲೇ ತಂದುಕೊಟ್ಟ ನಗರಗಳಲ್ಲಿ ಇದೂ ಒಂದು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಭಾಸ್ಕರಬುವಾ ಬಖಲೆ 1911ರಲ್ಲಿ ಇಲ್ಲಿ ಭಾರತ ಗಾಯನ ಸಮಾಜವನ್ನು ಕಟ್ಟಿದರು. ಅಬ್ದುಲ್ ಕರೀಂ ಖಾನರ ಆರ್ಯ ಸಂಗೀತ ವಿದ್ಯಾಲಯ 1913ರದು. ವಿನಾಯಕಬುವಾ ಪಟವರ್ಧನರು ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದದ್ದು 1932ರಲ್ಲಿ. ಹೆಣ್ಣುಮಕ್ಕಳು ಸಂಜೆ ತರಗತಿಗೆ ಹೋಗಿ ಬಂದು ಮನೆಯಲ್ಲಿ ರಿಯಾಜ್ ಮಾಡಬೇಕಾದರೆ ತಂಬೂರಿ ಬೇಕೇಬೇಕಿತ್ತು. ನಮ್ಮ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ. ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತ ಶಿಷ್ಯ ಭೀಮಸೇನ ಜೋಶಿಯವರು ಮರುವರ್ಷವೇ ಗುರುವಿನ ಹೆಸರಿನ ಉತ್ಸವ ಶುರುಮಾಡಿದರು. ಡಿಸೆಂಬರ್ ಬಂತೆಂದರೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ರಸಿಕರು ಈಗಲೂ ಪುಣೆಯ ರೈಲು ಹತ್ತುತ್ತಾರೆ. ಭೀಮಸೇನರ ಎಡಬಲಕ್ಕೆ ನೆಟ್ಟಗೆ ನಿಂತಿರುತ್ತಿದ್ದ ಜೋಡಿ ತಂಬೂರಿಗಳನ್ನು ನೋಡಿದವರಿಗೆ ಆ ವಾದ್ಯದ ಮಹತ್ವವನ್ನು ಬೇರೆ ಹೇಳಬೇಕಿಲ್ಲ.

ಮನೆಮನೆಯ ತಂಬೂರಿಗಳು ಅಟ್ಟ ಏರಿದ್ದಕ್ಕೂ ಒಂದು ಕನ್ನಡನಾಡಿನ ಕಾರಣವಿದೆ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅವರ ರಾಡೆಲ್ ಪೆಟ್ಟಿಗೆ ದೇಶದ ಮೂಲೆಮೂಲೆಯ ಸಂಗೀತದ ಮನೆಗಳನ್ನು ತಲುಪಿತು. ಈಗಂತೂ ಮೊಬೈಲ್ ಆ್ಯಪ್ ಇದೆ. ಬಸ್ಸಿನಲ್ಲಿ ಒಯ್ಯಬಹುದು, ತಂತಿ ತುಂಡಾಗದು, ಶ್ರುತಿ ಜಾರದು. ಕಲಿಯುವವರಿಗೆ ಅದು ಮಾಡಿರುವ ಉಪಕಾರ ದೊಡ್ಡದು, ಅದನ್ನು ನಾನು ಎಂದೂ ಅಲ್ಲಗಳೆಯಲಾರೆ. ಆದರೆ ಸರಿಯಾಗಿ ಶ್ರುತಿಗೂಡಿದ ಮರದ ತಂಬೂರಿಯ ಖರ್ಜದಿಂದ, ಅಂದರೆ ಕೆಳಗಿನ ಷಡ್ಜದ ತಂತಿಯಿಂದ, ಗಾಂಧಾರ ತಾನಾಗಿಯೇ ಎದ್ದು ಬರುವುದನ್ನು ಒಮ್ಮೆ ಕೇಳಿದ ಕಿವಿ ಪೆಟ್ಟಿಗೆಯಲ್ಲಿ ಪೂರ್ತಿ ನೆಮ್ಮದಿ ಕಾಣುವುದಿಲ್ಲ. ಹಳೆಯ ತಂಬೂರಿಗಳನ್ನು ಹುಡುಕಿಕೊಂಡು ಜನ ಮತ್ತೆ ಬರುತ್ತಿರುವುದು ಆ ಗಾಂಧಾರಕ್ಕಾಗಿ.

ಕೊಳ್ಳಲು ಹೊರಟವರು ಕೆತ್ತನೆಗೆ ಮರುಳಾಗುವುದೇ ಹೆಚ್ಚು. ಬಾಜಿರಾವ್ ರಸ್ತೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯದ ವಾದ್ಯಗಳ ವಿಭಾಗದಲ್ಲಿ ನಿಂತರೆ ಆ ಮೋಹ ಅರ್ಥವಾಗುತ್ತದೆ. ಕೇಳ್ಕರರು ಕೂಡಿಹಾಕಿ ಸರ್ಕಾರಕ್ಕೆ ಒಪ್ಪಿಸಿದ ಆ ಸಂಗ್ರಹದಲ್ಲಿ ವಾದ್ಯವೂ ಶಿಲ್ಪದಷ್ಟೇ ಕಣ್ಣು ಸೆಳೆಯುತ್ತದೆ. ಆದರೆ ಹಾಡಿಗೆ ಬೇಕಾದ ತಂಬೂರಿಯನ್ನು ಆರಿಸುವಾಗ ಬಳ್ಳಿ ಹೂವಿನ ಚಿತ್ತಾರವನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದ್ದು ಬುರುಡೆ. ಬೆರಳಿನ ಗೆಣ್ಣಿನಿಂದ ಸುತ್ತಲೂ ತಟ್ಟಿದರೆ ಒಂದೇ ಬಗೆಯ ಗಟ್ಟಿ ದನಿ ಬರಬೇಕು. ಒಂದು ಕಡೆ ಸತ್ತ ಸದ್ದು ಬಂದರೆ ಒಳಗೆ ಬಿರುಕೋ ಹಳೆಯ ತೇಪೆಯೋ ಇದೆ ಎಂದರ್ಥ. ಸೂಜಿಮೊನೆಯ ತೂತುಗಳಿಂದ ಹೊಸದಾಗಿ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಬದುಕಿದೆ. ಆಮೇಲೆ ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಬೇಕು. ಬಾಗಿದ ದಂಡಿಯನ್ನು ನೆಟ್ಟಗೆ ಮಾಡುವುದು ಬಲು ಕಷ್ಟ, ಎಷ್ಟೋ ಸಲ ಆಗದ ಮಾತು. ದಂಡಿ ಮತ್ತು ಬುರುಡೆ ಕೂಡುವ ಕತ್ತಿನಲ್ಲಿ ಸಣ್ಣ ಸೀಳಿದ್ದರೂ ತಂತಿ ಬಿಗಿದ ಮೇಲೆ ಅದು ಬಾಯಿ ಬಿಡುತ್ತದೆ.

ಇನ್ನು ಘೋಡಿಯ ಕೆಳಗಿನ ಹಲಗೆ, ಅದೇ ತಬಲಿ. ಹನ್ನೆರಡು ತಂತಿಯ ಹಳೆಯ ಗಿಟಾರ್ ಕೊಳ್ಳುವವರು ಬ್ರಿಡ್ಜ್ ಹಿಂದೆ ಹಲಗೆ ಉಬ್ಬಿದೆಯೇ ಎಂದು ನೋಡುತ್ತಾರೆ, ಏಕೆಂದರೆ ಅಲ್ಲಿ ತಂತಿಗಳು ಬ್ರಿಡ್ಜಿಗೇ ಕಟ್ಟಿಕೊಂಡು ಅದನ್ನು ಮೇಲಕ್ಕೆ ಎಬ್ಬಿಸುತ್ತವೆ. ತಂಬೂರಿಯಲ್ಲಿ ತಂತಿಗಳು ಘೋಡಿಯ ಮೇಲೆ ಹಾದು ಬುರುಡೆಯ ಬುಡಕ್ಕೆ ಹೋಗಿ ಕಟ್ಟಿಕೊಳ್ಳುತ್ತವೆ. ಹಾಗಾಗಿ ಒತ್ತಡ ಕೆಳಮುಖ. ವರ್ಷಗಟ್ಟಲೆ ಶ್ರುತಿಯಲ್ಲೇ ಬಿಗಿದಿಟ್ಟ ವಾದ್ಯದ ತಬಲಿ ನಡುವೆ ಕುಸಿದಿರುತ್ತದೆ. ತುಸು ಕುಸಿದಿದ್ದರೆ ಚಿಂತೆಯಿಲ್ಲ, ಘೋಡಿಯ ಎತ್ತರದಲ್ಲಿ ಸರಿದೂಗಿಸಬಹುದು. ತಟ್ಟೆಯಂತೆ ಹಳ್ಳ ಬಿದ್ದಿದ್ದರೆ ಹೊಸ ತಬಲಿಯೇ ಗತಿ, ಆಗ ತಂಬೂರಿಯ ದನಿಯ ಅರ್ಧ ಭಾಗವೇ ಹೊಸದಾಯಿತು ಎಂದು ತಿಳಿದು ಬೆಲೆ ಕಟ್ಟಬೇಕು. ಹಳೆಯ ಸಾಮಾನು ಮಾರುವ ಜುನಾ ಬಾಜಾರಿನಂಥ ಕಡೆ ವಾದ್ಯದ ಹಿನ್ನೆಲೆ ಹೇಳುವವರು ಇರುವುದಿಲ್ಲ. ಹಾಡಿದವರ ಮನೆಯಿಂದಲೇ ಕೊಳ್ಳುವುದು ಮೇಲು: ಯಾರು ನುಡಿಸುತ್ತಿದ್ದರು, ಯಾವ ಪಟ್ಟಿಗೆ, ಅಂದರೆ ಯಾವ ಆಧಾರ ಸ್ವರಕ್ಕೆ, ಶ್ರುತಿ ಮಾಡುತ್ತಿದ್ದರು, ಯಾರಿಂದ ರಿಪೇರಿ ಮಾಡಿಸಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ. ಗಂಡಸರ ದನಿಗೆಂದು ಮಾಡಿದ ದೊಡ್ಡ ತಂಬೂರಿಗೆ ಸಣ್ಣ ತಂತಿ ಹಾಕಿ ಹೆಂಗಸರ ಪಟ್ಟಿಗೆ ಏರಿಸಿದರೆ ವಾದ್ಯಕ್ಕೂ ಸುಖವಿಲ್ಲ, ಹಾಡುವವರಿಗೂ ಇಲ್ಲ.

ಕೊಳ್ಳುವ ಮುನ್ನ ಕಾನೂನಿನ ಒಂದು ಮಾತನ್ನು ಮರೆಯುವಂತಿಲ್ಲ. ಹಳೆಯ ತಂಬೂರಿಗಳ ಘೋಡಿ, ಅಂಚುಪಟ್ಟಿ, ಹಂಸದ ಆಕಾರದ ಮಣಿಗಳಲ್ಲಿ ಆನೆದಂತ ಅಥವಾ ಕಡವೆಯ ಕೊಂಬು ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ನಮ್ಮ ಆನೆಗಳ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರದು ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ದಂತ ಕೂರಿಸಿದ ವಾದ್ಯ ಎಷ್ಟೇ ಹಳೆಯದಾಗಿರಲಿ, ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಈಗ ಘೋಡಿಗಳನ್ನು ಒಂಟೆಯ ಮೂಳೆ, ಕರಿಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಒಳ್ಳೆಯ ಕೈಯಲ್ಲಿ ಇವು ಚೆನ್ನಾಗಿಯೇ ನುಡಿಯುತ್ತವೆ. ದಂತವಿಲ್ಲದೆ ನಾದವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ತಂಬೂರಿ ಕೈಗೆ ಬಂದ ಮೇಲೆ ದಾರಿ ಮೀರಜ್‌ನತ್ತ. ಸುಮಾರು 1850ರ ಹೊತ್ತಿಗೆ ಕತ್ತಿಗುರಾಣಿಗಳಿಗೆ ಬೇಡಿಕೆ ಇಳಿದಾಗ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬ್ ಮತ್ತು ಮೊಯಿನುದ್ದೀನ್ ವಾದ್ಯಗಳ ದುರಸ್ತಿಗೆ ಕೈ ಹಾಕಿದರು. ಅಂದರೆ ಮೀರಜ್‌ನ ಕಸುಬು ಹುಟ್ಟಿದ್ದೇ ರಿಪೇರಿಯಿಂದ. ಹಾಳಾದ ವಾದ್ಯವನ್ನು ಬಿಚ್ಚಿ ನೋಡಿ ನೋಡಿಯೇ ಹೊಸದನ್ನು ಮಾಡಲು ಕಲಿತವರು ಅವರು. ಪಟವರ್ಧನ ಸಂಸ್ಥಾನಿಕರ ಆಶ್ರಯ ಸಿಕ್ಕಿತು, ಕಸುಬು ಬೆಳೆಯಿತು, ಮನೆತನಗಳಿಗೆ ಸಿತಾರ್‌ಮೇಕರ್ ಎಂಬ ಅಡ್ಡಹೆಸರೇ ನಿಂತಿತು. ಅಲ್ಲಿಯೇ ಬೀಡುಬಿಟ್ಟ ಅಬ್ದುಲ್ ಕರೀಂ ಖಾನರು ವಾದ್ಯ ರಿಪೇರಿಯಲ್ಲೂ ಪಳಗಿದ ಕೈಯವರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಮೀರಜ್‌ನ ದರ್ಗಾದ ಆವರಣದಲ್ಲಿದೆ, ಅವರ ನೆನಪಿನಲ್ಲಿ ಅಲ್ಲಿ ಪ್ರತಿವರ್ಷ ಹಾಡು ನಡೆಯುತ್ತದೆ. ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಈ ಊರಿನಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಕುಶಲಕರ್ಮಿಗಳೂ ಇದ್ದಾರೆ.

ಈ ಕುಶಲಕರ್ಮಿಗಳ ಅಂಗಡಿಯ ಸೂರಿನಲ್ಲಿ ಒಣಗಿದ ಬುರುಡೆಗಳು ಸಾಲಾಗಿ ತೂಗುತ್ತವೆ. ಇವು ತಿನ್ನಲು ಬಾರದ ಕಹಿ ಜಾತಿಯ ಕಾಯಿಗಳು. ಬೆಳೆಯುವುದು ಪಂಢರಪುರ, ಮಂಗಳವೇಢೆಯ ಸುತ್ತಿನ ಹೊಲಗಳಲ್ಲಿ. ಮಂಗಳವೇಢೆ ಎಂದರೆ ಬಿಜ್ಜಳನ ಮಂಗಳವಾಡ. ಬಸವಣ್ಣನವರು ಕರಣಿಕರಾಗಿದ್ದರೆಂದು ನಾವು ಕೇಳಿಕೊಂಡು ಬಂದ ಊರು. ಪಕ್ಕದಲ್ಲಿ ಹರಿಯುವುದು ನಮ್ಮ ಕಲಬುರಗಿ ಸೀಮೆಗೆ ಇಳಿದು ಬರುವ ಅದೇ ಭೀಮೆ. ಮರವೂ ಹೆಚ್ಚಿನಂಶ ಕರ್ನಾಟಕದ ಕಾಡಿನದು, ಅವರು ತೂಣ್ ಎನ್ನುವ ಕೆಂಪು ಹಗುರ ಮರ. ಮರಾಠಿ ನೆಲದ ಈ ವಾದ್ಯದಲ್ಲಿ ಕನ್ನಡದ ಪಾಲು ಇಷ್ಟಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಹಳೆಯ ಒಳ್ಳೆಯ ತಂಬೂರಿಗಳನ್ನು ಸರೇಸಿನಿಂದ ಅಂಟಿಸಿರುತ್ತಾರೆ. ಪ್ರಾಣಿಯ ಚರ್ಮ, ಮೂಳೆ ಕುದಿಸಿ ತೆಗೆದ ಅಂಟು ಅದು. ಬಿಸಿ ಮಾಡಿದ ತೆಳ್ಳನೆಯ ಅಲಗನ್ನು ಸಂದಿಗೆ ಇಳಿಸಿ, ತುಸು ತೇವ ತಾಕಿಸಿದರೆ ತಬಲಿ ಮುರಿಯದೆ ಬಿಟ್ಟುಕೊಳ್ಳುತ್ತದೆ. ಒಳಗೆ ಬುರುಡೆಯ ಬಿರುಕಿಗೆ ಮರದ ಪುಡಿ ಅಂಟು ತುಂಬಿ, ಬಟ್ಟೆಯ ಪಟ್ಟಿ ಒತ್ತಿ, ಹುಳುವಿಗೆ ಮದ್ದು ಹಾಕಿ ಮತ್ತೆ ಮುಚ್ಚಬಹುದು. ನಡುವೆ ಯಾರೋ ಆತುರಕ್ಕೆ ಗಟ್ಟಿ ರಾಸಾಯನಿಕ ಅಂಟು ಸುರಿದಿದ್ದರೆ ಆ ಸಂದು ಬಿಡುವುದಿಲ್ಲ, ಮರವೇ ಸಿಗಿಯುತ್ತದೆ. ಹಳೆಯ ತಂಬೂರಿ ಕೊಂಡವರಿಗೆ ನನ್ನ ದೊಡ್ಡ ವಿನಂತಿ ಇದು: ಮನೆಯಲ್ಲಿ ಅಂಟು ಹಚ್ಚಬೇಡಿ. ಬಣ್ಣದ ಮಾತೂ ಹಾಗೆಯೇ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಉಜ್ಜಿದ ಹಳೆಯ ಪಾಲಿಶ್ ಮಬ್ಬಾಗಿದ್ದರೆ ಅದನ್ನೇ ಮತ್ತೆ ಎಬ್ಬಿಸಬಹುದು. ಅದನ್ನೆಲ್ಲ ಕೆರೆದು ಹೊಳೆಯುವ ದಪ್ಪ ವಾರ್ನಿಶ್ ಬಳಿಸುವವರಿದ್ದಾರೆ. ವಾದ್ಯ ಹೊಸದರಂತೆ ಕಾಣುತ್ತದೆ, ತಬಲಿಯ ಕಂಪನ ಮಾತ್ರ ಆ ಪದರದಡಿ ಮಂಕಾಗುತ್ತದೆ. ಬಿರಡೆಗಳ ಕೆಲಸ ಸರಳ, ತೂತಿಗೂ ಬಿರಡೆಗೂ ಒಂದೇ ಇಳಿಜಾರು ಬರುವಂತೆ ಹೆರೆದು, ಜಾರದಿರಲು ಸೀಮೆಸುಣ್ಣ ಸವರಿದರೆ ಮುಗಿಯಿತು.

ಎಲ್ಲಕ್ಕಿಂತ ನಾಜೂಕಿನ ಕೆಲಸ ಕೊನೆಗೆ ಬರುವ ಜವಾರಿ, ಅಂದರೆ ಘೋಡಿಯ ಬೆನ್ನನ್ನು ತಿದ್ದುವುದು. ಪಿಟೀಲಿನ ಕುದುರೆಯ ಅಂಚು ಚೂಪು, ತಂತಿ ಅಲ್ಲಿ ಒಂದೇ ಬಿಂದುವಿನಲ್ಲಿ ಕೂರುತ್ತದೆ. ತಂಬೂರಿಯ ಘೋಡಿ ಅಗಲ, ಅದರ ಬೆನ್ನು ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಮಿಡಿದ ತಂತಿ ಆ ಬೆನ್ನನ್ನು ಸವರಿ ಸವರಿ ಏಳುತ್ತದೆ. ಆ ಸವರುವಿಕೆಯಿಂದ ಮೇಲಿನ ಸ್ವರಾಂಶಗಳು ಒಂದರ ಹಿಂದೊಂದು ಹೊಮ್ಮುತ್ತವೆ. ತಂತಿಯಡಿ ಸರಿಸುವ ಹತ್ತಿ ಅಥವಾ ರೇಷ್ಮೆಯ ಎಳೆ, ಅದಕ್ಕೆ ಜೀವ ಎನ್ನುತ್ತಾರೆ, ತಂತಿ ಘೋಡಿಯನ್ನು ಮುಟ್ಟುವ ಜಾಗವನ್ನು ಕೂದಲೆಳೆಯಷ್ಟು ಬದಲಿಸುತ್ತದೆ. ಸಿ. ವಿ. ರಾಮನ್ 1921ರಲ್ಲೇ ಈ ಘೋಡಿಯ ಬಗ್ಗೆ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದು ನಿಶ್ಚಲವಾಗಿರಬೇಕಾದ ಸ್ವರಾಂಶಗಳು ಕೇಳಿಸಬಾರದು ಎಂಬುದು ಆವರೆಗಿನ ನಿಯಮ. ವೀಣೆ, ತಂಬೂರಿಗಳಲ್ಲಿ ಅವು ಜೋರಾಗಿಯೇ ಕೇಳಿಸುತ್ತವೆ ಎಂದು ಅವರು ತೋರಿಸಿದರು. ಭೌತಶಾಸ್ತ್ರದ ಪುಸ್ತಕಕ್ಕೆ ತಿದ್ದುಪಡಿ ಬರೆಯಬಲ್ಲ ಇಂಥ ಸೂಕ್ಷ್ಮವನ್ನು ಓದುಬರಹವಿಲ್ಲದ ಕೈಗಳು ಕಿವಿಯೊಂದನ್ನೇ ನಂಬಿ ಮಾಡುತ್ತ ಬಂದಿವೆ ಎನ್ನುವಾಗ ಮನಸ್ಸು ತುಂಬಿ ಬರುತ್ತದೆ.

ಹಳೆಯ ಘೋಡಿಯ ಮೇಲೆ ತಂತಿ ಕೊರೆದ ಗೀರುಗಳಿರುತ್ತವೆ. ಕುಶಲಕರ್ಮಿ ಮೊದಲು ಅವನ್ನು ಅರದಿಂದ ತೆಗೆಯುತ್ತಾನೆ, ಆಮೇಲೆ ಉಪ್ಪುಕಾಗದ. ಎರಡು ಎಳೆತ, ತಂತಿ ಬಿಗಿ, ಮೀಟು, ಕೇಳು. ಮತ್ತೆ ತಂತಿ ಸಡಿಲಿಸು, ಮತ್ತೆ ಒಂದು ಎಳೆತ. ಪಂಚಮದ ಉಕ್ಕಿನ ತಂತಿಗೆ ಹೊಂದುವ ಬಾಗು ಖರ್ಜದ ಹಿತ್ತಾಳೆ ತಂತಿಗೆ ಹೊಂದದು, ನಡುವಿನ ಜೋಡಿ ಷಡ್ಜಗಳು ಒಂದರಂತೊಂದು ಇರಲೇಬೇಕು. ನಾಲ್ಕೂ ಒಂದೇ ಬಗೆಯಲ್ಲಿ ಅರಳುವವರೆಗೆ ಕೆಲಸ ನಿಲ್ಲದು. ಕೆಲವರಿಗೆ ಝೇಂಕಾರ ತುಂಬಿದ ಖುಲ್ಲಾ ಜವಾರಿ ಬೇಕು, ಕೆಲವರಿಗೆ ದುಂಡಗಿನ ಗೋಲ್ ಜವಾರಿ. ಹಾಗಾಗಿ ತಂಬೂರಿಯನ್ನು ಬಿಟ್ಟು ಬರುವುದಕ್ಕಿಂತ, ಹಾಡುವವರು ತಾವೇ ಎದುರಿಗೆ ಕೂತು, ತಮ್ಮ ಪಟ್ಟಿಯಲ್ಲಿ ಆಕಾರ ಹಚ್ಚಿ ಜವಾರಿ ಮಾಡಿಸುವುದು ಒಳ್ಳೆಯದು. ಕುಶಲಕರ್ಮಿಗಳಿಗೂ ಅದೇ ಇಷ್ಟ.

ಹೊಸ ಜವಾರಿ ಮನೆಗೆ ಬಂದ ಮೇಲೆ ದಿನವೂ ನುಡಿಸಬೇಕು. ಮಳೆಗಾಲದಲ್ಲಿ ಬಿರಡೆ ಉಬ್ಬಿ ಬಿಗಿದುಕೊಳ್ಳುತ್ತವೆ, ಪುಣೆಯ ಒಣ ಚಳಿಗೆ ಸಡಿಲಾಗಿ ಜಾರುತ್ತವೆ. ಗೋಡೆಯ ತೇವಕ್ಕೂ ಕಿಟಕಿಯ ಬಿಸಿಲಿಗೂ ದೂರವಾಗಿ ಇಡಬೇಕು. ತಿಂಗಳುಗಟ್ಟಲೆ ನುಡಿಸದಿದ್ದರೆ ತಂತಿಯನ್ನು ಒಂದೆರಡು ಸ್ವರ ಇಳಿಸಿಡಬೇಕು, ತಬಲಿಯ ಭಾರ ಕಡಿಮೆಯಾಗುತ್ತದೆ. ಕೆಲವು ವಾರಗಳಲ್ಲಿ ತಂತಿಗಳು ಘೋಡಿಯ ಮೇಲೆ ತಮ್ಮ ಜಾಗ ಕಂಡುಕೊಂಡು ದನಿ ತುಸು ಬದಲಾಗುತ್ತದೆ. ಆಗ ಅದೇ ಕೈಗೆ ಇನ್ನೊಮ್ಮೆ ಒಯ್ದು ಜವಾರಿ ತಿದ್ದಿಸಿಕೊಳ್ಳಬೇಕು. ಮೊದಲ ಸಲದ ಕೂಲಿ ಗೊತ್ತುಮಾಡುವಾಗಲೇ ಈ ಎರಡನೆಯ ಭೇಟಿಯನ್ನೂ ಸೇರಿಸಿ ಮಾತಾಡಿಕೊಳ್ಳುವುದು ವಾಡಿಕೆಯಾಗಬೇಕು.